ತಣ್ಣನೆಯ ಹಾಲು-ಚಿಕೋರಿ: ಫಿಲ್ಟರೋ, ನೆನೆಹಾಕುವುದೋ, ಕುದಿಸುವುದೋ?

ಸಂಜೆಯ ಮೇಲೆ ಕಾಫಿ ಕುಡಿದರೆ ನನಗೆ ನಿದ್ದೆ ಹತ್ತುವುದಿಲ್ಲ. ಕುಡಿಯದಿದ್ದರೆ ನಾಲಿಗೆ ಸುಮ್ಮನಿರುವುದಿಲ್ಲ. ಅದಕ್ಕೇ ಬರಿಯ ಚಿಕೋರಿ. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡದ ಬೇರನ್ನು ಹುರಿದು ಮಾಡಿದ ಪುಡಿ, ಕೆಫೀನ್ ಇಲ್ಲ. ಕಾಫಿಪುಡಿ ಅಂಗಡಿಯಲ್ಲಿ ಕಾಫಿ 80, ಚಿಕೋರಿ 20 ಎನ್ನದೆ ಚಿಕೋರಿಯನ್ನಷ್ಟೇ ಕೇಳಿದರೆ ಒಮ್ಮೆ ಮುಖ ನೋಡುತ್ತಾರೆ. ನೋಡಲಿ. ಕಾಫಿ ಬೀಸುವ ಯಂತ್ರಕ್ಕೆ ಹಾಕಿಸದೆ ಡಬ್ಬದಿಂದಲೇ ಕಟ್ಟಿಸಿಕೊಳ್ಳಿ; ಯಂತ್ರದಲ್ಲಿ ಉಳಿದ ಕಾಫಿಪುಡಿ ಸೇರಿದರೆ ಕೆಫೀನ್ ಬಿಟ್ಟು ಏನು ಬಂತು?

ಫಿಲ್ಟರನ್ನು ಮೊದಲೇ ಪಕ್ಕಕ್ಕಿಡಿ. ಬಿಸಿನೀರು ಬಿದ್ದೊಡನೆ ಪುಡಿ ಉಬ್ಬಿ, ಮೆತ್ತಗಾಗಿ, ತೂತುಗಳನ್ನು ಮುಚ್ಚಿಬಿಡುತ್ತದೆ. ಕಾಫಿಗೆ ಬೆರೆತಾಗ ನೀರನ್ನು ತಡೆದಿಳಿಸಿ ಡಿಕಾಕ್ಷನ್ನಿಗೆ ಗಟ್ಟಿತನ ಕೊಡುವ ಗುಣವೇ ಒಂಟಿಯಾದಾಗ ಅಡ್ಡಗಾಲು.

ನೆನೆಹಾಕುವುದು ಸೋಮಾರಿಗಳ ದಾರಿ, ನನಗೆ ಪ್ರಿಯವಾದದ್ದು. ತಣ್ಣೀರಿನ ಮೇಲೆ ಉದುರಿಸಿದರೆ ಕಾಫಿಪುಡಿ ತೇಲುತ್ತದೆ. ಚಿಕೋರಿ ಕಂದು ಎಳೆಗಳನ್ನು ಬಿಡುತ್ತಾ ತಳ ಸೇರುತ್ತದೆ. ಬೆರಕೆ ಪತ್ತೆಗೆ ಮನೆಯಲ್ಲಿ ಮಾಡುವ ಪರೀಕ್ಷೆಯೂ ಇದೇ. ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿದರೆ ಕಹಿ ಹದವಾಗಿ, ಹಿಂದೆಯೇ ತುಸು ಸಿಹಿ. ಹಾಗೇ ಕುಡಿಯಲು ಇದಕ್ಕೆ ಸಾಟಿಯಿಲ್ಲ. ಆದರೆ ಹಾಲು ಸುರಿದರೆ ಬಣ್ಣ ಉಳಿಯುತ್ತದೆ, ರುಚಿ ಸೋಲುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಶೈಲಿಯ ಐಸ್ ಕಾಫಿಯನ್ನೂ ಹೀಗೆ ನೆನೆಸಿಯೇ ಮಾಡುತ್ತಾರೆ. ಅಲ್ಲಿ ಚಿಕೋರಿಯ ಬೆನ್ನಿಗೆ ಕಾಫಿ ಇದೆ, ನಮಗಿಲ್ಲ.

ಹಾಲಿಗೆ ಎದುರು ನಿಲ್ಲುವುದು ಕುದಿಸಿದ್ದೇ. ಸುಮಾರು 150 ಮಿಲಿಲೀಟರ್ ನೀರಿಗೆ ಎರಡು ಚಹಾ ಚಮಚ ಪುಡಿ ಹಾಕಿ, ಸಣ್ಣ ಉರಿಯಲ್ಲಿ ನೀರು ಅರ್ಧಕ್ಕಿಳಿಯುವವರೆಗೆ ಬಿಡಿ. ಉಕ್ಕುತ್ತದೆ, ಒಲೆ ಬಿಟ್ಟು ಕದಲಬೇಡಿ. ಲೋಹದ ಜಾಲರಿ ಸಾಲದು, ತೆಳು ಬಟ್ಟೆಯಲ್ಲಿ ಸೋಸಿ. ಗಸಿ ಉಳಿದರೆ ಕೊನೆಯ ಗುಟುಕು ಮರಳು ಮರಳು. ಬೆಲ್ಲವನ್ನು ಬಿಸಿಯಿರುವಾಗಲೇ ಕರಗಿಸಿ. ಪೂರ್ತಿ ಆರಿದ ಮೇಲೆ, ಕಾಯಿಸಿ ಕೆನೆ ತೆಗೆದು ತಣ್ಣಗಾಗಿಸಿದ ಹಾಲನ್ನು ಎರಡರಷ್ಟು ಬೆರೆಸಿ. ಕೆನೆ ಬಿಟ್ಟರೆ ಮಂಜುಗಡ್ಡೆಗೆ ಅಂಟಿ ತುಟಿಗೆ ಸಿಗುತ್ತದೆ. ಮಂಜುಗಡ್ಡೆಯನ್ನೂ ಇದೇ ಡಿಕಾಕ್ಷನ್ನಿನಿಂದ ಮಾಡಿಟ್ಟರೆ ಕರಗಿದಷ್ಟೂ ಗಾಢ.

ಕಾಫಿಯ ಘಮ ಮಾತ್ರ ಯಾವ ದಾರಿಯಲ್ಲೂ ಸಿಗುವುದಿಲ್ಲ. ಸಿಗುವುದು ಸುಟ್ಟ ಸಕ್ಕರೆಯ ವಾಸನೆ, ಅದೂ ಕುದಿಸಿದ್ದರಲ್ಲೇ ಹೆಚ್ಚು. ಲೋಟ ಒಂದಕ್ಕೇ ನಿಲ್ಲಿಸಿ: ಈ ಬೇರಿನಲ್ಲಿ ಇನ್ಯುಲಿನ್ ಎಂಬ ನಾರಿನಂಶ ಧಾರಾಳವಾಗಿದೆ, ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ.