ಹೈಲೈಟರ್, ಪ್ರಶ್ನೆ, ಖಾಲಿ ಹಾಳೆ: ಮೂರು ಪಾಠ ಮೂರು ರೀತಿ ಓದಿ ನೋಡಿದೆ

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೈನ್ಸ್ ತಗೊಂಡವರಿಗೆ ಬಯಾಲಜಿ ಪುಸ್ತಕ ನೋಡಿದರೇ ಭಯ. ಪುಟಕ್ಕೆ ಹತ್ತು ಹೊಸ ಪದ. ನನಗೂ ಹಾಗೇ ಆಗಿತ್ತು. ಈಗ ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೀಗೆ ಓದಿ ಅಂತ ಅವರಿಗೆ ಹೇಳುವ ಮೊದಲು ನಾನೇ ಓದಿ ನೋಡೋಣ ಅನ್ನಿಸಿತು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಒಂದರ ಹಿಂದೆ ಒಂದು ಬರುವ ಮೂರು ಪಾಠ ಆರಿಸಿಕೊಂಡೆ: ಉಸಿರಾಟ, ರಕ್ತ ಪರಿಚಲನೆ, ವಿಸರ್ಜನೆ. ಒಂದೊಂದಕ್ಕೆ ಒಂದೊಂದು ರೀತಿ. ಓದಿ ವಾರ ಕಳೆದ ಮೇಲೆ, ಪುಸ್ತಕ ಮುಟ್ಟದೆ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆದೆ.

ಉಸಿರಾಟದ ಪಾಠಕ್ಕೆ ಹೈಲೈಟರ್. ಎರಡು ಸಲ ಓದಿದೆ, ಮುಖ್ಯ ಅನ್ನಿಸಿದ್ದಕ್ಕೆಲ್ಲ ಹಳದಿ ಬಳಿದೆ. ಕೆಲಸ ಬೇಗ ಮುಗಿಯಿತು, ಎಲ್ಲಾ ಗೊತ್ತಿದೆ ಅನ್ನುವ ಸಮಾಧಾನವೂ ಬಂತು. ವಾರದ ಮೇಲೆ ಬರೆಯಲು ಕೂತಾಗ 500 ಮಿಲಿಲೀಟರ್ ಅನ್ನುವ ಸಂಖ್ಯೆ ನೆನಪಿತ್ತು. ಆ ಹಳದಿ ಗೆರೆ ಪುಟದಲ್ಲಿ ಎಲ್ಲಿತ್ತು ಅನ್ನುವುದೂ ಕಣ್ಣಿಗೆ ಕಟ್ಟಿತ್ತು. ಆದರೆ ಅದು ನಾವು ಸುಮ್ನೆ ಉಸಿರಾಡುವಾಗ ಒಳಗೆ ಹೋಗುವ ಗಾಳಿಯೋ, ಪೂರ್ತಿ ಹೊರಗೆ ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯೋ, ಹೇಳಲಾಗಲಿಲ್ಲ. ಅಷ್ಟು ಹೊತ್ತು ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ರಕ್ತ ಪರಿಚಲನೆಗೆ ಎಸ್‌ಕ್ಯೂ3ಆರ್ (ಸರ್ವೇ, ಕ್ವೆಶ್ಚನ್, ರೀಡ್, ರಿಸೈಟ್, ರಿವ್ಯೂ). ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಹೇಳಿಕೊಟ್ಟ ಕ್ರಮ ಇದು. ಮೊದಲು ಪಾಠದ ಮೇಲೆ ಕಣ್ಣಾಡಿಸಬೇಕು, ತಲೆಬರಹಗಳನ್ನು ಪ್ರಶ್ನೆ ಮಾಡಿಕೊಳ್ಳಬೇಕು, ಉತ್ತರ ಹುಡುಕುತ್ತಾ ಓದಬೇಕು, ನೋಡದೆ ಹೇಳಬೇಕು, ಕೊನೆಗೆ ಮತ್ತೊಮ್ಮೆ ತಿರುವಿ ಹಾಕಬೇಕು. ‘ಕಾರ್ಡಿಯಾಕ್ ಸೈಕಲ್’ ಅನ್ನುವ ತಲೆಬರಹವನ್ನು ‘ಹೃದಯ ಒಂದು ಸಲ ಬಡಿಯೋಕೆ ಎಷ್ಟು ಹೊತ್ತು ಬೇಕು?’ ಅಂತ ಮಾಡಿಕೊಂಡೆ. ನಿಮಿಷಕ್ಕೆ ಸುಮಾರು 72 ಬಡಿತ, ಅಂದರೆ ಒಂದಕ್ಕೆ 0.8 ಸೆಕೆಂಡ್. ಒಂದು ಬಡಿತಕ್ಕೆ 70 ಮಿಲಿಲೀಟರ್ ರಕ್ತ, ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್. ಬಾಯಿಪಾಠ ಮಾಡದೆಯೇ ಲೆಕ್ಕ ಉಳಿಯಿತು. ಆದರೆ ಪ್ರತಿ ತಲೆಬರಹಕ್ಕೂ ಪ್ರಶ್ನೆ ಬರೆಯುತ್ತಾ ಹೋದರೆ ಪಾಠ ಮೂರು ದಿನ ಹಿಡಿಯುತ್ತದೆ. ಸುಸ್ತಾದ ದಿನ ‘ನೋಡದೆ ಹೇಳುವ’ ಹೆಜ್ಜೆಯನ್ನೇ ಹಾರಿಸಿಬಿಟ್ಟೆ. ವಾರದ ಮೇಲೆ ಮರೆತಿದ್ದೂ ಆ ದಿನದ ಭಾಗವನ್ನೇ.

ನಡುವೆ ಕಾರ್ನೆಲ್ ನೋಟ್ಸ್ ಕೂಡ ಮಾಡಿದೆ: ಹಾಳೆಯ ಒಂದು ಕಡೆ ಟಿಪ್ಪಣಿ, ಪಕ್ಕದಲ್ಲಿ ಪ್ರಶ್ನೆ, ಕೆಳಗೆ ಸಾರಾಂಶ. ಕ್ಲಾಸಿನಲ್ಲಿ ಕೇಳಿ ಬರೆಯುವುದಕ್ಕೆ ಚೆನ್ನಾಗಿದೆ. ಪುಸ್ತಕ ಮುಂದಿಟ್ಟುಕೊಂಡು ಮಾಡಿದರೆ ಬರೀ ಕಾಪಿ ಹೊಡೆಯುವ ಕೆಲಸ ಆಗುತ್ತದೆ.

ವಿಸರ್ಜನೆಗೆ ಖಾಲಿ ಹಾಳೆ. ಎರಡು ಮೂರು ಪುಟ ಓದುವುದು, ಪುಸ್ತಕ ಮುಚ್ಚುವುದು, ಗೊತ್ತಿದ್ದಷ್ಟನ್ನು ಕನ್ನಡದಲ್ಲೇ ಬರೆಯುವುದು. ‘ಕಿಡ್ನಿ ದಿನಕ್ಕೆ 180 ಲೀಟರ್ ಸೋಸುತ್ತದೆ’ ಅಂತ ಬರೆದು ಅಲ್ಲೇ ನಿಂತುಬಿಟ್ಟೆ. ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರ್, 180 ಎಲ್ಲಿಂದ ಬಂತು? ಮೂತ್ರ ಆಗುವುದು ಒಂದೂವರೆ ಲೀಟರ್, ಮಿಕ್ಕಿದ್ದು ಎಲ್ಲಿಗೆ ಹೋಯಿತು? ಪುಸ್ತಕ ಬಿಚ್ಚಿದೆ. ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತದೆ, ಸೋಸಿದ್ದರಲ್ಲಿ ನೂರಕ್ಕೆ 99 ಭಾಗ ಕಿಡ್ನಿಯೊಳಗಿನ ನೆಫ್ರಾನ್ ಅನ್ನುವ ಸಣ್ಣ ಕೊಳವೆಗಳಿಂದ ವಾಪಸ್ ರಕ್ತಕ್ಕೆ ಸೇರುತ್ತದೆ. ಈ ಸಾಲನ್ನು ಓದುವಾಗ ಕಣ್ಣು ಸುಮ್ನೆ ದಾಟಿ ಹೋಗಿತ್ತು. ಕನ್ನಡದಲ್ಲಿ ಬರೆದಾಗ ಮಾತ್ರ ಸಿಕ್ಕಿಬಿದ್ದೆ. ಇಂಗ್ಲಿಷ್ ವಾಕ್ಯವನ್ನು ಅರ್ಥವಾಗದೆಯೂ ಹಾಗೇ ಒಪ್ಪಿಸಿಬಿಡಬಹುದು, ನಮ್ಮ ಮಾತಲ್ಲಿ ಹೇಳಬೇಕಾದರೆ ಅರ್ಥ ಆಗಿರಲೇಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿ, ಹಾಗಾಗಿ ಎರಡನೇ ಸಲ ಇಂಗ್ಲಿಷಿನಲ್ಲೇ ಬರೆದೆ. ಅಷ್ಟರಲ್ಲಿ ಅದು ಸುಲಭವಾಗಿತ್ತು.

ವಾರದ ಪರೀಕ್ಷೆಯಲ್ಲಿ ಈ ಪಾಠವೇ ಮುಂದೆ, ಎಸ್‌ಕ್ಯೂ3ಆರ್ ಹತ್ತಿರದಲ್ಲೇ, ಹೈಲೈಟರ್ ತುಂಬಾ ಹಿಂದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಹೀಗೇ ಆಗಿತ್ತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರದ್ದೇ ಮೇಲುಗೈ. ವಾರದ ನಂತರ, ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ ಹೋದರು. ನಮ್ಮ ಮಕ್ಕಳಿಗೆ ಬೇಕಾಗಿರುವುದು ಮಾರ್ಚ್‌ವರೆಗೆ ಉಳಿಯುವ ಓದು, ಅಲ್ವಾ?

ಈಗ ನನ್ನ ಮಕ್ಕಳಿಗೆ ಎರಡನ್ನೂ ಸೇರಿಸಿ ಹೇಳುತ್ತೇನೆ. ಪಾಠಕ್ಕೆ ನಾಲ್ಕೈದು ಪ್ರಶ್ನೆ ಸಾಕು, ಜಾಸ್ತಿ ಬೇಡ. ಆಮೇಲೆ ಖಾಲಿ ಹಾಳೆ, ನೀಲಿ ಪೆನ್ನು. ಬಿಟ್ಟುಹೋಗಿದ್ದನ್ನು ಪುಸ್ತಕ ನೋಡಿ ಕೆಂಪು ಪೆನ್ನಲ್ಲಿ ತುಂಬುತ್ತಾರೆ. ವಾರ ಬಿಟ್ಟು ಅದೇ ಪಾಠಕ್ಕೆ ಇನ್ನೊಂದು ಹಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೆಂಪು ಎಷ್ಟು ಕಡಿಮೆ ಆಯಿತು ಅಂತ ಒಟ್ಟಿಗೆ ಕೂತು ನೋಡುತ್ತೇವೆ.