ಕಣ್ಣಿನ ಲೇಸರ್: ಮಿಂಟೋ ಆಸ್ಪತ್ರೆಯಲ್ಲಿ ನನ್ನ ಅನುಭವ

ತಿಪಟೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, 22 ವರ್ಷವಾಯಿತು. ಹೋದ ವರ್ಷ ಒಂದು ದಿನ ಸೂಜಿಗೆ ದಾರ ಪೋಣಿಸಲು ಬಲಗಣ್ಣು ಮುಚ್ಚಿದೆ. ಸೂಜಿ ಕಾಣುತ್ತಿತ್ತು, ಅದರ ಕೆಳಗಿನ ಬಟ್ಟೆ ಕಾಣಲಿಲ್ಲ. ಹೊಗೆ ಕವಿದ ಹಾಗೆ. ಎರಡೂ ಕಣ್ಣು ಬಿಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ.

ಊರಿನ ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಾಗಿದೆ ಎಂದು 1,800 ರೂಪಾಯಿಯ ಹೊಸ ಕನ್ನಡಕ ಕೊಟ್ಟರು. ಅದನ್ನೇ ನಂಬಿ ಐದು ತಿಂಗಳು ಸುಮ್ನೆ ಕಳೆದೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಮಗ ಬೆಂಗಳೂರಿಗೆ ಬೆಳಗಿನ ರೈಲಿಗೆ ಹೊರಡಿಸಿದ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಎರಡನೇ ಸ್ಟಾಪ್ ಕೆ.ಆರ್. ಮಾರ್ಕೆಟ್, ಅಲ್ಲಿಂದ ನಡೆದರೆ ಮಿಂಟೋ. 1896ರಲ್ಲಿ ಶುರುವಾದ ಸರ್ಕಾರಿ ಕಣ್ಣಾಸ್ಪತ್ರೆ.

ಡ್ರಾಪ್ಸ್ ಹಾಕಿ ಒಳಗೆ ನೋಡಿದರು. ಕೈಗೆ ಹಳದಿ ಔಷಧ ಚುಚ್ಚಿ ಕಣ್ಣಿನ ಫೋಟೋ ತೆಗೆದರು. ಅವತ್ತು ಮೂತ್ರ ಅರಿಶಿನದ ಬಣ್ಣ ಬರುತ್ತದೆ, ಗಾಬರಿ ಬೇಡ. ಬಿಪಿ 170 ಇತ್ತು. ನನಗೆ ಬಿಪಿ ಇದೆ ಅಂತಲೇ ಗೊತ್ತಿರಲಿಲ್ಲ!

ಡಾಕ್ಟರಮ್ಮ ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದರು. ರಕ್ತ ತರುವ ನಾಳ ಬಿಪಿಯಿಂದ ದಪ್ಪಗಾಗಿ, ಅದು ಅಡ್ಡ ಹಾಯುವ ಕಡೆ ರಕ್ತ ವಾಪಸ್ ಒಯ್ಯುವ ನಾಳವನ್ನು ಒತ್ತಿದೆ. ಅಲ್ಲೇ ಕಟ್ಟಿಕೊಂಡಿದೆ. ರಕ್ತ ಸಾಲದ ಜಾಗದಲ್ಲಿ ಹೊಸ ಎಳೆ ನಾಳಗಳು ಹುಟ್ಟಿವೆ, ಅವು ಒಡೆದರೆ ಕಣ್ಣೊಳಗೆಲ್ಲ ರಕ್ತ. "ಲೇಸರ್ ಬ್ಲಾಕ್ ತೆಗೆಯಲ್ಲ ಅಮ್ಮ. ಹೋದ ದೃಷ್ಟಿನೂ ತರಲ್ಲ. ಇರೋದನ್ನ ಉಳಿಸುತ್ತೆ," ಎಂದರು. ಇಷ್ಟು ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ರಕ್ತ ತರುವ ನಾಳವೇ ಕಟ್ಟಿದರೆ ನೋವಿಲ್ಲದೆ ಇದ್ದಕ್ಕಿದ್ದಂತೆ ಕತ್ತಲಾಗುತ್ತದಂತೆ. ಅದು ಕಣ್ಣಿನ ಸ್ಟ್ರೋಕ್. ಆಗ ಕೆಲವೇ ಗಂಟೆ ಟೈಮ್, ಅದನ್ನು ಬಿಡಿಸುವ ಖಾತ್ರಿಯ ಲೇಸರ್ ಇಲ್ಲ. ಹಾಗಾದರೆ ಒಂದು ರಾತ್ರಿಯೂ ಕಾಯಬೇಡಿ.

ಲೇಸರ್ ದಿನ ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿದರು. ಗಲ್ಲ ಸ್ಟ್ಯಾಂಡಿನ ಮೇಲೆ, ಹಣೆ ಪಟ್ಟಿಗೆ ಒತ್ತಿಕೊಂಡು ಕೂತೆ. ಅಂಟಂಟಾದ ಜೆಲ್ ಹಚ್ಚಿದ ಲೆನ್ಸನ್ನು ಕಣ್ಣಿಗೇ ಇಟ್ಟರು. ಆಮೇಲೆ ಹಸಿರು ಮಿಂಚು. ಡಾಕ್ಟರ ಕಾಲ ಕೆಳಗೆ ಒಂದು ಪೆಡಲ್ ಇತ್ತು. ಒತ್ತಿದಾಗೆಲ್ಲ ಟಕ್ ಟಕ್ ಅಂತ ಒಂದೊಂದು ಚುಕ್ಕೆ. ನನ್ನ ಮೆಷಿನ್ನೇ ನೆನಪಾಗಿ ಭಯ ಅರ್ಧ ಇಳಿಯಿತು. ರಕ್ತ ಸಾಲದ ಆ ಜಾಗವನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತಾರೆ, ಆಗ ಎಳೆ ನಾಳಗಳು ಬಾಡುತ್ತವೆ. ಜಾಸ್ತಿ ಚುಕ್ಕೆ ಗೊತ್ತೇ ಆಗಲಿಲ್ಲ, ಕೆಲವು ಮಾತ್ರ ಸೂಜಿ ಚುಚ್ಚಿದ ಹಾಗೆ ಚುರುಕ್ ಎಂದವು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಹೋಗುವವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಒಳಗೆ ನೋಡಲು ಹಾಕುವ ಡ್ರಾಪ್ಸ್‌ನಿಂದ ನಾಲ್ಕೈದು ಗಂಟೆ ಮಂಜು ಮಂಜು, ಬಿಸಿಲು ನೋಡಲಾಗುವುದಿಲ್ಲ. ಹಳೇ ಚೀಟಿ, ರೇಷನ್ ಕಾರ್ಡ್, ತಿನ್ನೋಕೆ ಏನಾದರೂ ಚೀಲದಲ್ಲಿರಲಿ.

ಎಂಟು ತಿಂಗಳಾಯಿತು. ಎಳೆ ನಾಳಗಳು ಒಣಗಿವೆ, ರಕ್ತ ಸೋರಿಲ್ಲ. ಹೊಗೆ ಹಾಗೇ ಇದೆ, ದಾರ ಪೋಣಿಸುವಾಗ ಈಗ ಎಡಗಣ್ಣು ಮುಚ್ಚುತ್ತೇನೆ. ಬಿಪಿ ಮಾತ್ರೆ ಬಾಬಿನ್ ಡಬ್ಬಿಯಲ್ಲೇ ಇಟ್ಟಿದ್ದೇನೆ, ಮರೆಯಬಾರದಲ್ವಾ. ಮುಂದಿನ ಚೆಕಪ್ ಗೌರಿ ಹಬ್ಬದ ಹಿಂದಿನ ವಾರ. ಆ ದಿನ ಬ್ಲೌಸ್ ಸಿಗಲ್ಲ ಎಂದು ಎಲ್ಲರಿಗೂ ಈಗಲೇ ಹೇಳಿಬಿಟ್ಟಿದ್ದೇನೆ.