ಎಂಜಿನ್ ಮೌಂಟ್‌ನ ನಡುಕದಲ್ಲಿ ಮುಚ್ಚಿಹೋದ ಬೇರಿಂಗ್: ಎರಡನ್ನೂ ಒಟ್ಟಿಗೆ ಮಾಡಿಸಿ ನಾನು ಮೋಸಹೋದದ್ದು

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿದ್ದೇನೆ, ಏಕೆಂದರೆ ಬರೆದರೆ ಮೊದಲು ಮರ್ಯಾದೆ ಹೋಗುವುದು ನನ್ನದೇ. ಹತ್ತು ಜನರಿಗೆ ಕಾರಿನ ಬಗ್ಗೆ ಸಲಹೆ ಕೊಡುವವನು, ಬ್ರೇಕ್ ಪ್ಯಾಡ್‌ಗಳನ್ನು ತಾನೇ ಬದಲಿಸಿಕೊಳ್ಳುವವನು, ತನ್ನದೇ ಹಳೆಯ ಎಂಜಿನ್ ಮೌಂಟ್‌ಗಳಿಗೆ (ಎಂಜಿನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ಮೆತ್ತೆಗಳಿಗೆ) ಹೊಸದರ ಬೆಲೆ ತೆತ್ತು ನಗುನಗುತ್ತಾ ಮನೆಗೆ ಬಂದ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಕಳೆದ ವಾರ ಗೆಳೆಯನೊಬ್ಬ ಅದೇ ವರ್ಕ್‌ಶಾಪ್‌ಗೆ ಕಾರು ಬಿಡಲು ಹೊರಟಿದ್ದ, ಅದೂ ನಾನು ಹಿಂದೆ ಹೇಳಿದ್ದ ಒಳ್ಳೆಯ ಮಾತನ್ನು ನಂಬಿಕೊಂಡು. ಇನ್ನು ಸುಮ್ಮನಿರುವುದು ತಪ್ಪಾಗುತ್ತದೆ.

ನನ್ನದು ಮುಂದಿನ ಚಕ್ರಗಳಿಂದ ಎಳೆಯುವ ಎರಡು ಲೀಟರ್ ಟರ್ಬೊ ಹ್ಯಾಚ್‌ಬ್ಯಾಕ್. ವಾರವೆಲ್ಲ ರಸ್ತೆಯಲ್ಲಿ ಓಡುತ್ತದೆ, ತಿಂಗಳಿಗೊಮ್ಮೆ ಸೆಮಿ ಸ್ಲಿಕ್ ಟೈರ್ (ಗೀರು ಕಡಿಮೆ, ಹಿಡಿತ ಹೆಚ್ಚು ಇರುವ ಟೈರ್) ಹಾಕಿಸಿಕೊಂಡು ಟ್ರ್ಯಾಕ್‌ಗೆ ಹೋಗುತ್ತದೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳು ಕುಪ್ಪಳಿಸುತ್ತಿದ್ದವು, ಎರಡರಿಂದ ಮೂರನೇ ಗೇರ್‌ಗೆ ಹಾಕುವಾಗ ಲಿವರ್ ಕೈಗೆ ಸಿಗದಷ್ಟು ಅಲುಗುತ್ತಿತ್ತು. ಕಾರಣ ನಿಮಗೆಲ್ಲ ಗೊತ್ತಿರುವುದೇ, ಕಂಪನಿಯ ರಬ್ಬರ್ ಮೌಂಟ್‌ಗಳು ಮೆತ್ತಗಿದ್ದವು. ಗಡಸುತನ ಅಳೆಯುವ ಶೋರ್ ಎ ಮಾಪನದಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಅಂಥ ರಬ್ಬರ್ 50ರಿಂದ 60ರ ಆಸುಪಾಸಿನಲ್ಲಿರುತ್ತದೆ. ನನಗೆ ಬೇಕಿದ್ದದ್ದು 75ರ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಮೌಂಟ್‌ಗಳು, ಅಂದರೆ ಎಂಜಿನ್ ಬದಿಯದೊಂದು, ಗೇರ್‌ಬಾಕ್ಸ್ ಬದಿಯದೊಂದು, ಎಂಜಿನ್ ಹಿಂದೆ ಮುಂದೆ ವಾಲದಂತೆ ತಡೆಯುವ ಕೆಳಗಿನ ಟಾರ್ಕ್ ಮೌಂಟ್ ಒಂದು. 95ರದ್ದನ್ನು ಹಾಕಿಸಿಕೊಂಡು ಸಿಗ್ನಲ್‌ನಲ್ಲಿ ಹಲ್ಲು ಕಡಿದು ಕೂರುವ ವಯಸ್ಸು ನನ್ನದಲ್ಲ.

ಟ್ರ್ಯಾಕ್ ಕಾರುಗಳ ತಜ್ಞರೆಂದು ಬೋರ್ಡು ಹಾಕಿಕೊಂಡ ಆ ವರ್ಕ್‌ಶಾಪ್‌ನ ಮಾಲೀಕ ಬಹಳ ಚೆನ್ನಾಗಿ ಮಾತನಾಡಿದ. ಕಾರನ್ನು ಒಂದು ಸುತ್ತು ಓಡಿಸಿ ಬಂದು, ಸ್ಪೇಸರ್ ಎಂಬ ಲೋಹದ ಬಿಲ್ಲೆ ಹಾಕಿ ಚಕ್ರಗಳನ್ನು ಹೊರಕ್ಕೆ ತಂದಿರುವುದರಿಂದ ಮುಂದಿನ ಚಕ್ರಗಳ ಬೇರಿಂಗ್‌ಗಳ (ಚಕ್ರ ಸಲೀಸಾಗಿ ತಿರುಗಲು ಎರಡು ಉಂಗುರಗಳ ನಡುವೆ ಗುಂಡುಗಳಿರುವ ಭಾಗಗಳ) ಮೇಲೆ ಭಾರ ಹೆಚ್ಚುತ್ತದೆ, ಸೆಮಿ ಸ್ಲಿಕ್‌ನ ಹಿಡಿತವೂ ಸೇರಿದರೆ ಅವು ಹೆಚ್ಚು ದಿನ ಬಾಳುವುದಿಲ್ಲ, ಹೇಗೂ ಕಾರು ಎತ್ತುತ್ತೇವಲ್ಲ, ಅವನ್ನೂ ಬದಲಿಸಿಬಿಡೋಣ ಎಂದ. ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಸ್ಪೇಸರ್‌ನಿಂದ ಬೇರಿಂಗ್‌ಗೆ ಪೆಟ್ಟು ಬೀಳುವುದು ನಿಜ. ಆದರೆ ನನ್ನ ಬೇರಿಂಗ್‌ಗಳಲ್ಲಿ ಅಂದು ಸದ್ದಿರಲಿಲ್ಲ, ಅಲುಗಾಟವಿರಲಿಲ್ಲ. ಚೆನ್ನಾಗಿದ್ದ ಬೇರಿಂಗ್‌ಗಳನ್ನು ಕೈಯಾರೆ ತೆಗೆಸಿದವನು ನಾನೇ, ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ನಾಲ್ಕು ದಿನ ಬಿಟ್ಟು ಕಾರು ಕೊಟ್ಟರು. ಬಾನೆಟ್ ಎತ್ತಿ ಕಪ್ಪಗೆ ಮಿರುಗುವ ಬ್ರಾಕೆಟ್‌ಗಳನ್ನೂ ಅವುಗಳ ನಡುವೆ ಇಣುಕುವ ಕೆಂಪು ಪಾಲಿಯುರೆಥೇನನ್ನೂ ತೋರಿಸಿದರು. ನಾನು ಫೋಟೋ ತೆಗೆದುಕೊಂಡು ಗೆಳೆಯರಿಗೆಲ್ಲ ಕಳಿಸಿದೆ, ಆ ಫೋಟೋ ಇಂದಿಗೂ ಅವರ ಫೋನುಗಳಲ್ಲಿದೆ. ಹಳೆಯ ಮೌಂಟ್‌ಗಳನ್ನು ಕೇಳಿದ್ದಕ್ಕೆ "ಅಯ್ಯೋ, ನಿನ್ನೆಯೇ ಗುಜರಿಗೆ ಹೋಯಿತಲ್ಲ ಸಾರ್" ಎಂದರು. ಅಲ್ಲಿಯೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಮನೆ ತಲುಪುವಷ್ಟರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿತು. ಮರುದಿನ ತೆಗೆದುಕೊಂಡು ಹೋದರೆ ಎಡ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಹೋಗಿದೆ, ಹಳೆಯದಾಗಿತ್ತು, ಬಿಚ್ಚುವಾಗ ಇಂಥದ್ದು ಆಗುತ್ತಿರುತ್ತದೆ ಎಂದರು. ಒಂದು ದಿನ ಇಟ್ಟುಕೊಂಡು, ಹೊಸ ಸೆನ್ಸರ್‌ನ ಬಿಲ್ಲು ಕೊಟ್ಟು ಕಳಿಸಿದರು. ಹಳೆಯ ಸೆನ್ಸರನ್ನು ಮಾತ್ರ ಧಾರಾಳವಾಗಿ ಕೈಗಿಟ್ಟರು. ದೀಪ ಆರಿತ್ತು. ಸೆನ್ಸರ್ ಹಾಕಲು ಅರ್ಧ ಗಂಟೆ ಸಾಕಾಗಿರುವಾಗ ಇಡೀ ದಿನ ಏಕೆ ಬೇಕಾಯಿತು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ಶುರುವಾಯಿತು ಸದ್ದು. ಕಾರು ನಿಂತಲ್ಲೇ ಇರುವಾಗ ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲವೂ ನಡುಗುತ್ತಿದ್ದವು, ಗಟ್ಟಿ ಮೌಂಟ್ ಎಂದಮೇಲೆ ಅಷ್ಟು ಇದ್ದೇ ಇರುತ್ತದೆ ಎಂದು ನನಗೂ ಗೊತ್ತಿತ್ತು. ಆದರೆ 60 ಕಿಲೋಮೀಟರ್ ವೇಗ ದಾಟಿದರೆ ಆ ನಡುಕದ ಕೆಳಗೆ ಇನ್ನೊಂದು ಗುಂಯ್ಗುಡುವ ಸದ್ದು ಇತ್ತು. ಫೋನ್ ಮಾಡಿದೆ. "ಟ್ರ್ಯಾಕ್ ಕಾರೂ ಬೇಕು, ಒಳಗೆ ಮೌನವೂ ಬೇಕು ಅಂದರೆ ಹೇಗೆ ಸಾರ್?" ಎಂದು ನಕ್ಕರು. ವಾರದ ನಂತರ ಮತ್ತೆ ಮಾಡಿದೆ. "ಮೌಂಟ್ ಕೂತುಕೊಳ್ಳೋಕೆ ಐನೂರು ಕಿಲೋಮೀಟರ್ ಆಗಬೇಕು" ಎಂದರು. ಮೂರನೆಯ ಸಲ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ, ಅದಕ್ಕೆ ಬಂದದ್ದು ಹೆಬ್ಬೆರಳು ಎತ್ತಿದ ಚಿತ್ರ. ಅದು "ನೋಡಿದೆ" ಎಂದೋ "ಚೆನ್ನಾಗಿದೆ" ಎಂದೋ ಇನ್ನೂ ತಿಳಿದಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸುವ ಕಲೆ ಅವರಿಗೆ ಕರಗತವಾಗಿತ್ತು.

ಮೌಂಟ್‌ನಿಂದ ಬರುವ ನಡುಕ ಎಂಜಿನ್‌ನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಜೊತೆ ಏರಿಳಿಯುತ್ತದೆ, ಬೇರಿಂಗ್‌ನ ಸದ್ದು ಚಕ್ರದ ವೇಗದ ಜೊತೆ ಏರಿಳಿಯುತ್ತದೆ. ಖಾಲಿ ರಸ್ತೆಯಲ್ಲಿ 80ರ ವೇಗದಲ್ಲಿ ಕ್ಲಚ್ ಒತ್ತಿ ಎಂಜಿನನ್ನು ಐಡಲ್‌ಗೆ ಇಳಿಸಿದರೆ, ಸದ್ದು ಹಾಗೆಯೇ ಉಳಿದರೆ ಅದು ಮೌಂಟ್ ಆಗಿರಲು ಸಾಧ್ಯವೇ ಇಲ್ಲ. ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿದಾಗ ಸದ್ದು ಹೆಚ್ಚಿದರೆ ಭಾರ ಬೀಳುತ್ತಿರುವ ಎಡ ಬೇರಿಂಗನ್ನು ಅನುಮಾನಿಸಬೇಕು. ಐದು ಸೆಕೆಂಡಿನ ಪರೀಕ್ಷೆ. ಇದನ್ನು ನಾನೇ ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ. ನನ್ನ ಕಾರಿಗೆ ಮಾತ್ರ ಮಾಡಲಿಲ್ಲ, ಏಕೆಂದರೆ ಮೌಂಟ್‌ನದೇ ಸದ್ದು ಎಂದು ತಜ್ಞರು ಹೇಳಿಬಿಟ್ಟಿದ್ದರು, ಮತ್ತು ನನಗೂ ಹಾಗೆಯೇ ನಂಬಬೇಕಿತ್ತು.

ಟ್ರ್ಯಾಕ್‌ಗೆ ಹೋದೆ. ನಾಲ್ಕನೆಯ ಸುತ್ತಿನಲ್ಲಿ, ಉದ್ದನೆಯ ಬಲ ತಿರುವು ಮುಗಿಸಿ ನೇರ ದಾರಿಯ ಕೊನೆಯಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಅರ್ಧದವರೆಗೆ ಸುಮ್ಮನೆ ಇಳಿಯಿತು. ಅರ್ಧದವರೆಗೆ ಏನೂ ಇಲ್ಲ. ಎರಡನೆಯ ಬಾರಿ ಒತ್ತಿದಾಗ ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಎರಡು ಒತ್ತುಗಳ ನಡುವೆ ಕಾರು ಎಷ್ಟು ದೂರ ಹೋಯಿತೋ ಗೊತ್ತಿಲ್ಲ, ಟೈರ್ ಗೋಡೆ ಮಾತ್ರ ಬಹಳ ಹತ್ತಿರ ಕಂಡಿತು. ನಿಧಾನವಾಗಿ ಟ್ರ್ಯಾಕ್ ಪಕ್ಕದ ಪಿಟ್‌ಗೆ (ಕಾರು ನಿಲ್ಲಿಸಿ ನೋಡಿಕೊಳ್ಳುವ ಜಾಗಕ್ಕೆ) ತಂದು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಬಾಗಿಲು ತೆರೆಯಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. "ಬ್ರೇಕ್ ಫ್ಲೂಯಿಡ್ ಕುದ್ದಿರಬೇಕು, ನೀವು ಹೇಗೆ ಓಡಿಸಿದಿರೋ ನಮಗೇನು ಗೊತ್ತು?" ಎಂಬ ಉತ್ತರ ಬಂತು. ಫ್ಲೂಯಿಡ್ ಕುದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ, ತಣ್ಣಗಾಗುವವರೆಗೆ ಮೆತ್ತಗೇ ಇರುತ್ತದೆ, ಒಂದೇ ಬಾರಿ ಒತ್ತಿದ ಮಾತ್ರಕ್ಕೆ ಕಲ್ಲಾಗುವುದಿಲ್ಲ. ನನಗೆ ಆದದ್ದು ಪ್ಯಾಡ್‌ಗಳು ಹಿಂದಕ್ಕೆ ತಳ್ಳಲ್ಪಟ್ಟದ್ದು. ಬೇರಿಂಗ್‌ನಲ್ಲಿ ಸಡಿಲವಿದ್ದರೆ ತಿರುವಿನ ಭಾರಕ್ಕೆ ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ವಾಲುತ್ತದೆ, ಅದರ ಜೊತೆ ಡಿಸ್ಕ್ ಕೂಡ ವಾಲಿ ಪ್ಯಾಡನ್ನೂ ಅದನ್ನು ಒತ್ತುವ ಪಿಸ್ಟನ್ನನ್ನೂ ಕ್ಯಾಲಿಪರ್ (ಇವೆರಡನ್ನೂ ಹಿಡಿದಿರುವ ಬ್ರೇಕ್ ಭಾಗ) ಒಳಕ್ಕೆ ದೂಡುತ್ತದೆ, ಮುಂದಿನ ಬಾರಿ ಪೆಡಲ್ ಒತ್ತಿದಾಗ ಅವನ್ನು ಮತ್ತೆ ಡಿಸ್ಕ್‌ಗೆ ತರುವುದರಲ್ಲೇ ಅರ್ಧ ದಾರಿ ಮುಗಿಯುತ್ತದೆ. ಪಿಟ್‌ನಲ್ಲಿ ಜ್ಯಾಕ್ ಹಾಕಿ ಎಡ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಟಕ್ ಟಕ್ ಎಂದಿತು. ಆ ಬೇರಿಂಗ್ ಹಾಕಿಸಿ 600 ಕಿಲೋಮೀಟರ್ ಕೂಡ ಆಗಿರಲಿಲ್ಲ.

ಕಾರನ್ನು ಟ್ರಕ್‌ನಲ್ಲಿ ಹೇರಿ ಬೇರೆ ಮೆಕ್ಯಾನಿಕ್ ಬಳಿ ತಂದೆ. ಆತ ಹೆಚ್ಚು ಮಾತಿನವನಲ್ಲ. ಕಾರನ್ನು ಎತ್ತಿ, ಬೇರಿಂಗ್‌ಗೆ ಕೈ ಹಾಕುವ ಮೊದಲು, ಗೇರ್‌ಬಾಕ್ಸ್ ಮೌಂಟ್‌ನ ಬ್ರಾಕೆಟ್ ಮೇಲಿದ್ದ ಎಣ್ಣೆ ಜಿಡ್ಡನ್ನು ತೆಗೆಯಲೆಂದು ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಿಂದ ಒರೆಸಿದ. ಬಟ್ಟೆ ಕಪ್ಪಾಯಿತು. ಮತ್ತೆ ಒರೆಸಿದ, ಇನ್ನಷ್ಟು ಕಪ್ಪಾಯಿತು. ಆ ಮಿರುಗುವ ಕಪ್ಪು ಕಾರ್ಖಾನೆಯ ಲೇಪನವಲ್ಲ, ಡಬ್ಬಿಯ ಸ್ಪ್ರೇ ಬಣ್ಣ. ಅದರ ಕೆಳಗೆ ಹಳೆಯ ಅಲ್ಯೂಮಿನಿಯಂ ಕಾಣಿಸಿತು. ಅದರ ಅಂಚಿನಲ್ಲಿ, ಉಗುರಿನಷ್ಟು ಗಾತ್ರದ, ಅರ್ಧಚಂದ್ರದ ಆಕಾರದ ಒಂದು ಗಾಯ.

ಆ ಗಾಯ ಮಾಡಿದವನು ನಾನು. ಕಳೆದ ವರ್ಷ ಬ್ಯಾಟರಿ ಟ್ರೇ ಬಿಚ್ಚುವಾಗ ಸ್ಪ್ಯಾನರ್ ಜಾರಿ ಅಲ್ಲಿಗೆ ಬಡಿದಿತ್ತು, ಅಂದು ನನ್ನ ಬೆರಳ ಗೆಣ್ಣೂ ಕಿತ್ತುಹೋಗಿತ್ತು. ಗುಜರಿಗೆ ಹೋಗಿದೆ ಎಂದ ಮೌಂಟ್ ನನ್ನ ಕಣ್ಣೆದುರಿಗೇ, ನನ್ನ ಕಾರಿನಲ್ಲೇ, ಬಣ್ಣ ಬಳಿದುಕೊಂಡು ಕೂತಿತ್ತು. ಮೆಕ್ಯಾನಿಕ್ ಸಣ್ಣ ಪ್ರೈ ಬಾರ್‌ನಿಂದ ಆ ಕೆಂಪು ಭಾಗವನ್ನು ಮೀಟಿದ. ಮುದ್ದೆಯೊಂದು ಇಡಿಯಾಗಿ ಕಳಚಿ ಅವನ ಅಂಗೈಗೆ ಬಂತು. ಹಳೆಯ ರಬ್ಬರ್‌ನ ನಡುವಿನ ಖಾಲಿ ಜಾಗಗಳಿಗೆ ಎರಡು ದ್ರವ ಬೆರೆಸಿದ ಯುರೆಥೇನ್ ಸುರಿದು ಗಟ್ಟಿಯಾಗಲು ಬಿಟ್ಟಿದ್ದರು. ಎಣ್ಣೆ ಕುಡಿದ ರಬ್ಬರನ್ನು ಸರಿಯಾಗಿ ತೊಳೆದೂ ಇರಲಿಲ್ಲ, ಹಾಗಾಗಿ ಅದು ಅಂಟಿಕೊಂಡೇ ಇರಲಿಲ್ಲ. ಹೀಗೆ ತುಂಬಿಸಿಕೊಳ್ಳುವುದು ತಪ್ಪಲ್ಲ, ಹಣ ಉಳಿಸಲು ಎಷ್ಟೋ ಜನ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ಚೆನ್ನಾಗಿ ಮಾಡಿದರೆ ಕೆಲಸಕ್ಕೂ ಬರುತ್ತದೆ. ಹೇಳಿ ಮಾಡಿದ್ದರೆ ನಾನೇ ಒಪ್ಪುತ್ತಿದ್ದೆನೇನೋ. ಮೂರು ಹೊಸ ಮೌಂಟ್‌ಗಳ ಬಿಲ್ಲು ಕೊಟ್ಟು ಹೀಗೆ ಮಾಡಿದ್ದು ಕಳ್ಳತನ. ಬೇರೆ ಶಬ್ದ ನನಗೆ ಸಿಗುತ್ತಿಲ್ಲ.

ಬೇರಿಂಗ್‌ನ ಕಥೆ ಇದಕ್ಕಿಂತ ಕೆಟ್ಟದ್ದು. ನನ್ನ ಕಾರಿನದು ನಕಲ್‌ಗೆ (ಬೇರಿಂಗ್ ಕೂರುವ, ಚಕ್ರದ ಹಿಂದಿನ ಲೋಹದ ಭಾಗಕ್ಕೆ) ಪ್ರೆಸ್ ಮಾಡಿ ಕೂರಿಸುವ ಬಗೆಯ ಬೇರಿಂಗ್. ಅದರ ಒಂದು ಬದಿಯ ಸೀಲ್‌ನಲ್ಲಿ ಎಬಿಎಸ್ ಸೆನ್ಸರ್ ಓದುವ ಕಾಂತೀಯ ಉಂಗುರವಿರುತ್ತದೆ, ಆ ಬದಿ ಸೆನ್ಸರ್ ಕಡೆಗೇ ಇರಬೇಕು. ಎಡಗಡೆಯದನ್ನು ಅವರು ತಿರುಗಾಮುರುಗಾ ಹಾಕಿದ್ದರು, ದೀಪ ಹತ್ತಿದ್ದು ಅದಕ್ಕೆ. ತಪ್ಪು ಗೊತ್ತಾದ ಮೇಲೆ ಹೊಸ ಬೇರಿಂಗ್ ತರಬೇಕಿತ್ತು, ಏಕೆಂದರೆ ಹಬ್ಬನ್ನು ಎಳೆದು ತೆಗೆಯುವಾಗ ಆ ಬಲವೆಲ್ಲ ಗುಂಡುಗಳ ಮೂಲಕವೇ ಹಾಯುತ್ತದೆ, ಅಂಥ ಬೇರಿಂಗ್ ಮತ್ತೆ ಬಳಸಲು ಬರುವುದಿಲ್ಲ. ಅವರು ಅದನ್ನೇ ಹೊಡೆದು ತೆಗೆದು, ತಿರುಗಿಸಿ, ಮತ್ತೆ ಅದನ್ನೇ ಒತ್ತಿ ಕೂರಿಸಿದ್ದರು. ಇಡೀ ದಿನ ಬೇಕಾದದ್ದು ಅದಕ್ಕೇ. ಮುಚ್ಚಿಹಾಕಲು ಸೆನ್ಸರ್‌ನ ನಾಟಕ. ಅವರು ಕೈಗಿಟ್ಟಿದ್ದ ಹಳೆಯ ಸೆನ್ಸರನ್ನು ಮೆಕ್ಯಾನಿಕ್ ಹಾಕಿ ನೋಡಿದ, ಗಡಿಯಾರದಂತೆ ಕೆಲಸ ಮಾಡಿತು.

ಬೇರಿಂಗ್ ಬಿಚ್ಚಿದಾಗ ಒಳ ರೇಸ್‌ನ (ಗುಂಡುಗಳು ಉರುಳುವ ಒಳ ಉಂಗುರದ) ಅಂಚಿನಲ್ಲಿ ಉಳಿಯ ಗುರುತುಗಳಿದ್ದವು, ಸೀಲ್‌ನ ತುಟಿ ಮಡಚಿತ್ತು, ಗ್ರೀಸ್ ಕಂದು ಬಣ್ಣಕ್ಕೆ ತಿರುಗಿತ್ತು. ಹೊರ ರೇಸ್‌ನ ಒಳಮೈಯಲ್ಲಿ ಗುಂಡುಗಳು ಕೂರುವಷ್ಟೇ ಅಂತರದಲ್ಲಿ, ಒಂದರ ಪಕ್ಕ ಒಂದು, ಸಣ್ಣ ಸಣ್ಣ ಕುಳಿಗಳು. ಕಣ್ಣಿಗಿಂತ ಉಗುರಿಗೆ ಚೆನ್ನಾಗಿ ತಿಳಿಯುತ್ತಿತ್ತು, ಹಾಯಿಸಿದರೆ ಒಂದೊಂದರಲ್ಲೂ ತಡೆದು ಮುಂದೆ ಹೋಗುತ್ತಿತ್ತು. "ಇದಕ್ಕೆ ಟ್ರ್ಯಾಕ್ ಬೇಡ, ಹಾಕಿದ ದಿನವೇ ಸತ್ತಿದೆ" ಎಂದಷ್ಟೇ ಹೇಳಿ ಮೆಕ್ಯಾನಿಕ್ ಅದನ್ನು ನನ್ನ ಕೈಗೆ ಕೊಟ್ಟ. ಆಕ್ಸಲನ್ನು ಹಬ್‌ಗೆ ಬಿಗಿಯುವ ನಟ್ ಕೂಡ ಹಳೆಯದೇ. ಒಮ್ಮೆ ಅಂಚು ಬಡಿದು ಲಾಕ್ ಮಾಡಿದ ನಟ್ಟನ್ನೇ ಮತ್ತೆ ಹಾಕಿ ಇನ್ನೊಂದು ಕಡೆ ಬಡಿದಿದ್ದರು.

ಫೋಟೋಗಳನ್ನೆಲ್ಲ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ "ಬೇರೆ ಕಡೆ ಬಿಚ್ಚಿಸಿದ ಮೇಲೆ ನಮ್ಮ ವಾರಂಟಿ ಇಲ್ಲ" ಎಂದು ಬಂತು. ಮೌಂಟ್‌ಗಳ ಮಾತೆತ್ತಿದರೆ "ಅದು ಅಪ್‌ಗ್ರೇಡ್ ಅಂತಲೇ ಹೇಳಿದ್ದೆವು, ಹೊಸದು ಅಂತ ಯಾರು ಹೇಳಿದರು?" ಎಂದರು. ಬಿಲ್ಲಿನಲ್ಲಿ "ಹೊಸದು, ಮೂರು" ಎಂದು ಬರೆದಿರುವುದನ್ನು ಕಳಿಸಿದೆ. "ಅದು ಅಕೌಂಟ್ಸ್ ಹುಡುಗನ ತಪ್ಪು." ಬೇರಿಂಗ್ ಬಗ್ಗೆ ಕೇಳಿದ್ದಕ್ಕೆ, "ಅದು ನಾವು ಹಾಕಿದ್ದೇ ಅಂತ ಏನು ಗ್ಯಾರಂಟಿ?" ತಪ್ಪಾಯಿತು ಎಂಬ ಒಂದು ಮಾತು ಬಂದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಬರಲಿಲ್ಲ.

ಮಾಡಿಸಲೇಬೇಕಿದ್ದರೆ ಮೌಂಟ್ ಮತ್ತು ಬೇರಿಂಗ್ ಎರಡನ್ನೂ ಒಂದೇ ಸಲ ಮಾಡಿಸಬೇಡಿ. ಬೇರಿಂಗ್ ಮೊದಲು ಹಾಕಿಸಿ, ಮೆತ್ತನೆಯ ಮೌಂಟ್‌ಗಳ ಮೇಲೆಯೇ ಕೆಲವು ನೂರು ಕಿಲೋಮೀಟರ್ ಓಡಿಸಿ, ಸದ್ದಿಲ್ಲ ಎಂದಾದ ಮೇಲೆ ಮೌಂಟ್‌ಗೆ ಹೋಗಿ. ಕಾರು ಬಿಡುವ ಮೊದಲು ಹಳೆಯ ಭಾಗಗಳ ಮೇಲೆ ಬಣ್ಣದ ಪೆನ್ನಿನಿಂದ ಎಲ್ಲಾದರೂ ಒಂದು ಗುರುತು ಹಾಕಿ, ಅವು ಕೈಗೆ ಬರದೆ ಹಣ ಕೊಡಬೇಡಿ. ಹೊಸ ಮೌಂಟ್‌ಗಳನ್ನೂ ಬೇರಿಂಗ್‌ನ ಡಬ್ಬಿಯನ್ನೂ ಹಾಕುವ ಮುಂಚೆಯೇ ನೋಡಿ. ಹೊರ ರೇಸ್ ಒತ್ತಿ ನಕಲ್‌ಗೆ ಕೂರಿಸುತ್ತೀರೋ, ಹಬ್ ಹಾಕುವಾಗ ಒಳ ರೇಸ್‌ಗೆ ಆಸರೆ ಕೊಡುತ್ತೀರೋ ಎಂದು ಕೇಳಿ. ಈ ಪ್ರಶ್ನೆಗೆ ಯಾರಾದರೂ ನಕ್ಕರೆ ಕೀಲಿ ವಾಪಸು ಪಡೆದು ಬನ್ನಿ. ನನಗೆ ನಕ್ಕಿದ್ದರು.

ಈಗ ಕಾರಿನಲ್ಲಿ ನಿಜವಾದ 75ರ ಮೌಂಟ್‌ಗಳಿವೆ, ಎರಡೂ ಬದಿಗೆ ಹೊಸ ಬೇರಿಂಗ್ ಮತ್ತು ಹೊಸ ನಟ್ ಇವೆ. ಬಲಗಡೆಯದು ಚೆನ್ನಾಗಿಯೇ ಇದ್ದಂತಿತ್ತು, ಆದರೂ ಅವರ ಕೈ ತಾಗಿದ್ದನ್ನು ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಎಡ ಬೇರಿಂಗ್‌ನ ತುಂಡುಗಳು, ಕೆಂಪು ಮುದ್ದೆ, ಬಿಲ್ಲು ಮೂರೂ ನನ್ನ ಮೇಜಿನ ಮೇಲಿವೆ. ತಮ್ಮದೇ ಅಲ್ಲ ಎಂದ ಆ ಬೇರಿಂಗನ್ನು "ಪರೀಕ್ಷೆಗೆ ಕಳಿಸಿಕೊಡಿ ಸಾರ್, ನಮ್ಮ ಹುಡುಗನೇ ಬಂದು ತೆಗೆದುಕೊಂಡು ಹೋಗುತ್ತಾನೆ" ಎಂದು ಈ ವಾರ ಮೂರು ಸಲ ಸಂದೇಶ ಬಂದಿದೆ. ಮೂರಕ್ಕೂ ನಾನು ಹೆಬ್ಬೆರಳು ಎತ್ತಿದ ಚಿತ್ರವನ್ನೇ ಕಳಿಸಿದ್ದೇನೆ.